‘ಒಂದು ಇಂಡಿಕಾ ಫಿಲ್ಟರ್ ಕೊಡಿ’ ಅಂದರೆ ಸಾಲದು

ಮಾನ್ಯರೇ,

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ‘ಒಂದು ಇಂಡಿಕಾ ಆಯಿಲ್ ಫಿಲ್ಟರ್ ಕೊಡಿ’ ಎಂದು ಕೇಳುವವರಿಗೂ ಅನುಮಾನವಿಲ್ಲ, ಕೊಡುವವರಿಗೂ ಇಲ್ಲ. ಆದರೆ ಟಾಟಾ ಇಂಡಿಕಾದಲ್ಲಿ ಇದ್ದದ್ದು ಒಂದೇ ಎಂಜಿನ್ ಅಲ್ಲ. 1998ರ ಕೊನೆಗೆ ಬಂದ ಮೊದಲ ಇಂಡಿಕಾದಲ್ಲಿ ಟರ್ಬೊ ಇಲ್ಲದ 1.4 ಲೀಟರಿನ ಐಡಿಐ (ಹಳೆ ಬಗೆಯ ಇಂಜೆಕ್ಷನ್ನಿನ) ಡೀಸೆಲ್ ಎಂಜಿನ್ ಇತ್ತು. ಆಮೇಲೆ ಟರ್ಬೊ ಸೇರಿತು, ಭಾರಿ ಒತ್ತಡದಲ್ಲಿ ಡೀಸೆಲ್ ಹಂಚುವ ಕಾಮನ್ ರೈಲಿನ ಡೈಕೋರ್ ಎಂಜಿನ್ ಬಂತು, 2008ರ ವಿಸ್ಟಾದಲ್ಲಿ ಫಿಯೆಟ್ ಮೂಲದ 1.3 ಲೀಟರಿನ ಕ್ವಾಡ್ರಾಜೆಟ್ ಕೂತಿತು. ಮೊದಲನೆಯದಕ್ಕೆ ತಿರುಗಿಸಿ ಹಾಕುವ ತಗಡಿನ ಡಬ್ಬಿ ಫಿಲ್ಟರ್. ಕೊನೆಯದಕ್ಕೆ ಎಂಜಿನಿನ ಮೇಲೇ ಇರುವ ಮುಚ್ಚಳದ ಗೂಡಿನೊಳಗೆ, ಅಂದರೆ ಹೌಸಿಂಗಿನೊಳಗೆ, ಇಡುವ ಬರೀ ಪೇಪರ್ ಎಲಿಮೆಂಟ್. ಅದೇ 1.3 ಎಂಜಿನ್ ಸ್ವಿಫ್ಟ್, ಡಿಜೈರ್, ರಿಟ್ಜ್, ಪುಂಟೊ, ಲೀನಿಯಾಗಳಲ್ಲೂ ಬೇರೆ ಬೇರೆ ಹೆಸರಲ್ಲಿ ಓಡುತ್ತಿದೆ. ಹೀಗಿರುವಾಗ ಕಾರಿನ ಹೆಸರು ಹೇಳಿ ಫಿಲ್ಟರ್ ಕೊಳ್ಳುವುದು ಅಳತೆ ಹೇಳದೆ ಚಪ್ಪಲಿ ಕೊಂಡಂತೆ.

ಕರ್ನಾಟಕದಲ್ಲಿ ಹದಿನೈದು ವರ್ಷ ತುಂಬಿದ ಖಾಸಗಿ ಕಾರಿಗೆ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಿಕೊಂಡರೆ ಇನ್ನೂ ಐದು ವರ್ಷ ಓಡಿಸಬಹುದು. ಹಾಗಾಗಿ ಕ್ವಾಲಿಸ್, ಹಳೆ ಇನ್ನೋವಾ, ಮೊದಲ ತಲೆಮಾರಿನ ಡೀಸೆಲ್ ಸ್ವಿಫ್ಟ್‌ಗಳು ಈ ಊರಲ್ಲಿ ಇನ್ನೂ ಧಾರಾಳವಾಗಿ ಕಾಣುತ್ತವೆ. ಇವುಗಳ ಮಾಲೀಕರು ಟೈರ್ ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುತ್ತಾರೆ, ಬ್ಯಾಟರಿಗೆ ವಾರಂಟಿ ಕೇಳುತ್ತಾರೆ. ಆಯಿಲ್ ಫಿಲ್ಟರ್ ಮಾತ್ರ ಗ್ಯಾರೇಜಿನ ಹುಡುಗ ಬೈಕಲ್ಲಿ ಹೋಗಿ ತಂದದ್ದೇ ಸರಿ. ಎಂಜಿನ್ ಆಯಿಲನ್ನು ಸೋಸುವ, ಕೆಲವು ನೂರು ರೂಪಾಯಿಯ ಈ ವಸ್ತು ತಪ್ಪಾದರೆ ಕ್ರ್ಯಾಂಕ್ ಬೇರಿಂಗ್, ಟರ್ಬೊ, ಟೈಮಿಂಗ್ ಚೈನ್ ಮೂರಕ್ಕೂ ಪೆಟ್ಟು. ಆದ್ದರಿಂದ ಈ ಪತ್ರ.

ಮೊದಲು ನಂಬರಿನ ವಿಷಯ. ಆರ್‌ಸಿಯಲ್ಲಿ ಷಾಸಿ ನಂಬರ್, ಎಂಜಿನ್ ನಂಬರ್, ತಯಾರಾದ ತಿಂಗಳು ಇರುತ್ತವೆ. ಷಾಸಿ ನಂಬರ್ ಕೊಟ್ಟರೆ ಆ ಕಂಪನಿಯ ಅಧಿಕೃತ ಡೀಲರ್‌ನ ಸ್ಪೇರ್ಸ್ ಕೌಂಟರಿನಲ್ಲಿ ಸರಿಯಾದ ಪಾರ್ಟ್ ನಂಬರ್ ತೆಗೆದು ಹೇಳುತ್ತಾರೆ. ಸರ್ವಿಸ್ ಅಲ್ಲೇ ಮಾಡಿಸಬೇಕೆಂದಿಲ್ಲ, ಬಿಡಿಭಾಗ ಮಾತ್ರ ಕೊಂಡು ಬರಬಹುದು. ಆ ನಂಬರನ್ನು ಸರ್ವಿಸ್ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಬೇರೆ ತಯಾರಕರ ಫಿಲ್ಟರ್ ಕೊಳ್ಳುವುದಾದರೆ ಅವರ ಕ್ಯಾಟಲಾಗಿನಲ್ಲಿ ಈ ನಂಬರಿಗೆ ಸಮನಾದದ್ದು ಯಾವುದೆಂದು ನೋಡಿ. ಇನ್ನೊಬ್ಬ ತಯಾರಕರ ಕ್ಯಾಟಲಾಗಿನ ಅಳತೆಗಳೂ ಅದಕ್ಕೆ ತಾಳೆಯಾದರೆ ಮಾತ್ರ ಮುಂದುವರಿಯಿರಿ.

‘ಹಳೆ ಫಿಲ್ಟರ್ ತೋರಿಸಿದರಾಯಿತು, ಅಂಥದ್ದೇ ಕೊಡ್ತಾರೆ’ ಎನ್ನುವವರಿದ್ದಾರೆ. ಆದರೆ ಎರಡು-ಮೂರು ಕೈ ಬದಲಾದ ಕಾರಿನಲ್ಲಿ ಹಳೆಯದೇ ತಪ್ಪಿದ್ದರೆ ಹೊಸದೂ ತಪ್ಪೇ ಬರುತ್ತದೆ. ಹಳೆಯದನ್ನು ಕೊಂಡೊಯ್ಯಿರಿ, ಅಳತೆ ಹೋಲಿಸಿ, ಆದರೆ ಅದನ್ನೇ ಸಾಕ್ಷಿಯೆಂದು ಒಪ್ಪಬೇಡಿ.

ಡಬ್ಬಿ ಫಿಲ್ಟರಿನಲ್ಲಿ ಅತಿ ಅಪಾಯದ ತಪ್ಪು ಥ್ರೆಡ್ಡಿನದು. ಮುಕ್ಕಾಲು ಇಂಚು ದಪ್ಪ, ಇಂಚಿಗೆ 16 ಥ್ರೆಡ್ ಇರುವ ಸ್ಟಡ್ಡಿನ (ಫಿಲ್ಟರ್ ತಿರುಗಿಸಿ ಹಾಕುವ, ಎಂಜಿನಿನಿಂದ ಹೊರಚಾಚಿದ ಕೊಳವೆಯ) ಹೊರ ವ್ಯಾಸ 19.05 ಮಿ.ಮೀ. ಇನ್ನೊಂದು ಸಾಮಾನ್ಯ ಅಳತೆ ಎಂ 20, ಅಂದರೆ 20 ಮಿ.ಮೀ., ಒಂದೂವರೆ ಮಿ.ಮೀ. ಪಿಚ್ (ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ದೂರ). ಎಂ 20 ಥ್ರೆಡ್ಡಿನ ಫಿಲ್ಟರನ್ನು ಮುಕ್ಕಾಲು ಇಂಚಿನ ಸ್ಟಡ್ಡಿಗೆ ತಿರುಗಿಸಿದರೆ ಹತ್ತುತ್ತದೆ! ಸ್ವಲ್ಪ ಸಡಿಲ ಅನ್ನಿಸುತ್ತದೆ, ಗ್ಯಾಸ್ಕೆಟ್ ಬ್ಲಾಕಿಗೆ ತಾಗಿದ ಮೇಲೆ ಬಿಗಿಯಾದಂತೆಯೇ ಇರುತ್ತದೆ. ಆದರೆ ಒಳಗೆ ಥ್ರೆಡ್ಡಿನ ತುದಿಗಳಷ್ಟೇ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಲೆಕ್ಕ ಹಾಕಿ: ಗ್ಯಾಸ್ಕೆಟ್ಟಿನ ವ್ಯಾಸ 65 ಮಿ.ಮೀ. ಅಂದರೆ ಸುಮಾರು 33 ಚದರ ಸೆಂ.ಮೀ. ಜಾಗ. ತಣ್ಣಗಿನ ಎಂಜಿನಿನಲ್ಲಿ ಆಯಿಲ್ ಪ್ರೆಶರ್ 5 ಬಾರ್ ಮುಟ್ಟಿದರೆ ಫಿಲ್ಟರನ್ನು ಹೊರಕ್ಕೆ ದೂಡುವ ಬಲ ಹತ್ತಿರ ಹತ್ತಿರ 170 ಕೆ.ಜಿ. ಥ್ರೆಡ್ಡಿನ ತುದಿ ಇದನ್ನು ಎಷ್ಟು ದಿನ ತಡೆದೀತು? ಜಾರಿದ ದಿನ ಚೇಂಬರಿನ (ಎಂಜಿನಿನ ಅಡಿಯ ಆಯಿಲ್ ತೊಟ್ಟಿಯ) ಆಯಿಲ್ ಒಂದೆರಡು ನಿಮಿಷದಲ್ಲಿ ರಸ್ತೆ ಪಾಲು. ಅಷ್ಟು ಹೊತ್ತಿಗೆ ನೀವು ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ನಡುವೆ ಇದ್ದರೆ ಗಾಡಿ ಪಕ್ಕಕ್ಕೆ ಹಾಕುವುದೂ ಕಷ್ಟ.

ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಇದ್ದರೆ ಈ ವ್ಯತ್ಯಾಸ ಅರೆ ನಿಮಿಷದ ಕೆಲಸ. ಫಿಲ್ಟರಿನ ನಡುವಿನ ತೂತಿನಲ್ಲಿ ಥ್ರೆಡ್ಡಿನ ತುದಿಯಿಂದ ತುದಿಗೆ ಅಳೆಯಿರಿ. ಹದಿನೇಳೂವರೆ ಮಿ.ಮೀ. ಆಸುಪಾಸು ಬಂದರೆ ಮುಕ್ಕಾಲು ಇಂಚಿನದು, ಹದಿನೆಂಟೂವರೆ ಹತ್ತಿರ ಬಂದರೆ ಎಂ 20. ಬಹುಪಾಲು ತಯಾರಕರು ಕ್ಯಾಟಲಾಗಿನಲ್ಲಿ, ಕೆಲವರು ಡಬ್ಬಿಯ ಮೇಲೂ ಥ್ರೆಡ್ ಅಳತೆ ಕೊಟ್ಟಿರುತ್ತಾರೆ. ಹಾಕುವಾಗ ಸಡಿಲವಾಗಿ ಅಲುಗಾಡುತ್ತಾ ಹತ್ತುವ ಫಿಲ್ಟರನ್ನು ಅಲ್ಲಿಗೇ ಬಿಚ್ಚಿಬಿಡಿ.

ಥ್ರೆಡ್, ಗ್ಯಾಸ್ಕೆಟ್, ಎತ್ತರ ಎಲ್ಲ ಸರಿಯಿದ್ದೂ ಫಿಲ್ಟರ್ ತಪ್ಪಿರಬಹುದು, ಏಕೆಂದರೆ ಮುಖ್ಯವಾದ ಎರಡು ವಾಲ್ವ್‌ಗಳು ಒಳಗಿರುತ್ತವೆ. ಒಂದು ಬೈಪಾಸ್ ವಾಲ್ವ್. ಆಯಿಲ್ ಗಟ್ಟಿಯಾಗಿದ್ದಾಗ ಅಥವಾ ಪೇಪರ್ ಕಟ್ಟಿಕೊಂಡಾಗ ಇದು ತೆರೆದುಕೊಂಡು ಸೋಸದ ಆಯಿಲನ್ನೇ ಎಂಜಿನಿಗೆ ಬಿಡುತ್ತದೆ. ಆಯಿಲ್ ಇಲ್ಲದಿರುವುದಕ್ಕಿಂತ ಕೊಳೆ ಆಯಿಲ್ ವಾಸಿ ಎಂಬ ಲೆಕ್ಕ. ಇದರ ಸ್ಪ್ರಿಂಗ್ ಇಂತಿಷ್ಟು ಒತ್ತಡಕ್ಕೆ ಎಂದು ಆ ಎಂಜಿನಿಗೆ ತಕ್ಕಂತೆ ನಿಗದಿಯಾಗಿರುತ್ತದೆ. ಸ್ಪ್ರಿಂಗ್ ಮೆತ್ತಗಾದರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಆಯಿಲ್ ಸೋಸದೆ ಹರಿಯುತ್ತದೆ. ತೀರಾ ಬಿಗಿಯಾದರೆ ಪೇಪರ್ ಮಡಿಕೆಗಳು ನಡುವಿನ ಕೊಳವೆಗೆ ಅಂಟಿ ಸೀಳುತ್ತವೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ಬ್ಲಾಕಿನಲ್ಲೋ ಹೌಸಿಂಗಿನಲ್ಲೋ ಇರುತ್ತದೆ, ಫಿಲ್ಟರಿನಲ್ಲಿ ಇರುವುದಿಲ್ಲ. ಅಂಥ ಫಿಲ್ಟರನ್ನು ತಂದು ಬೈಪಾಸ್ ಬೇಕಾದ ಎಂಜಿನಿಗೆ ಹಾಕಿದರೆ ಪೇಪರ್ ಕಟ್ಟಿಕೊಂಡ ದಿನ ಬೇರಿಂಗಿಗೆ ಆಯಿಲೇ ಹೋಗುವುದಿಲ್ಲ.

ಇನ್ನೊಂದು, ಎಂಜಿನ್ ನಿಂತಾಗ ಆಯಿಲ್ ಚೇಂಬರಿಗೆ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ಪದರ. ಫಿಲ್ಟರ್ ಅಡ್ಡಲಾಗಿಯೋ ತಲೆಕೆಳಗಾಗಿಯೋ ಕೂರುವ ಎಂಜಿನ್‌ಗಳಿಗೆ ಇದು ಜೀವಾಳ. ಸಾಮಾನ್ಯವಾಗಿ ಕಪ್ಪಗಿರುವುದು ನೈಟ್ರೈಲ್ ರಬ್ಬರ್, ಕಿತ್ತಳೆ ಅಥವಾ ಕೆಂಪು ಬಣ್ಣದ್ದು ಸಿಲಿಕೋನ್. ನೈಟ್ರೈಲ್ ಕಾವಿಗೆ ಬೇಗ ಗಡುಸಾಗುತ್ತದೆ. ಗಡುಸಾದರೆ ರಾತ್ರಿಯೆಲ್ಲ ಫಿಲ್ಟರ್ ಖಾಲಿಯಾಗಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೂರು-ನಾಲ್ಕು ಸೆಕೆಂಡ್ ಆಯಿಲ್ ಲ್ಯಾಂಪ್ ಆರುವುದಿಲ್ಲ, ಎಂಜಿನ್ ಕಟಕಟ ಅನ್ನುತ್ತದೆ. 1.3 ಡೀಸೆಲ್‌ನಂತೆ ಟೈಮಿಂಗ್ ಚೈನ್ ಇರುವ ಎಂಜಿನಿನಲ್ಲಿ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದೇ ಆಯಿಲ್ ಪ್ರೆಶರಿನಿಂದ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುವಂಥದ್ದು, ಅದರ ಬುಷ್ ನಿಂತಿರುವುದು ತೆಳು ಆಯಿಲ್ ಪದರದ ಮೇಲೆ. ಬೆಳಗಿನ ಆ ಮೂರು ಸೆಕೆಂಡಿನ ಸವೆತ ದಿನದಿನವೂ ಸೇರುತ್ತಾ ಹೋಗುತ್ತದೆ. ಸದ್ದು ಕೇಳಿದ ಕೂಡಲೇ ‘ಟ್ಯಾಪೆಟ್ ಸದ್ದು, ಹಳೆ ಗಾಡಿ ಅಲ್ವಾ ಸಾರ್’ ಎಂದು ಸಮಾಧಾನ ಹೇಳುವವರಿದ್ದಾರೆ. ಅದಕ್ಕೆ ಮುಂಚೆ ಒಂದು ಒಳ್ಳೆ ಫಿಲ್ಟರ್ ಹಾಕಿ ನೋಡುವುದು ಅಗ್ಗ.

ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಬಗ್ಗೆಯೂ ಒಂದು ಮಾತು. ‘10 ಮೈಕ್ರಾನ್ ಫಿಲ್ಟರ್’ ಎಂದು ಪೆಟ್ಟಿಗೆಯ ಮೇಲೆ ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ಆ ಗಾತ್ರದ ಕಣಗಳಲ್ಲಿ ನೂರಕ್ಕೆ ಎಷ್ಟನ್ನು ಹಿಡಿಯುತ್ತದೆ ಎಂಬುದು ಬೇಕು. ಅದನ್ನು ಹೇಳುವ ಅಳತೆ ಬೀಟಾ, ಅಂದರೆ ಎಷ್ಟು ಕಣ ಬಂದರೆ ಒಂದು ದಾಟುತ್ತದೆ ಎಂಬ ಲೆಕ್ಕ. ಬೀಟಾ 2 ಅಂದರೆ ಎರಡರಲ್ಲಿ ಒಂದು ಕಣ ತಪ್ಪಿಸಿಕೊಳ್ಳುತ್ತದೆ, ಅಂದರೆ ಶೇ 50. ಬೀಟಾ 75 ಅಂದರೆ 75ರಲ್ಲಿ ಒಂದು, ಶೇ 98.7ರಷ್ಟು ಹಿಡಿದಂತಾಯಿತು. ಎರಡನ್ನೂ ‘10 ಮೈಕ್ರಾನ್’ ಎಂದೇ ಮಾರಬಹುದು. ಐಎಸ್‌ಒ 4548-12 ಪರೀಕ್ಷೆಯ ಪ್ರಕಾರ ಇಂತಿಷ್ಟು ಮೈಕ್ರಾನಿಗೆ ಶೇಕಡ ಇಷ್ಟು ಎಂದು ಹೇಳುವ ತಯಾರಕರ ಮಾತಿಗೆ ಬೆಲೆಯಿದೆ.

ಡೀಸೆಲ್ ಎಂಜಿನಿನ ಆಯಿಲ್ ಬದಲಿಸಿದ ಮರುದಿನವೇ ಕಪ್ಪಾದರೆ ಫಿಲ್ಟರನ್ನು ಬೈಯಬೇಡಿ. ಅದು ಮಸಿ. ಮಸಿಯ ಕಣ ಒಂದು ಮೈಕ್ರಾನಿಗಿಂತ ಎಷ್ಟೋ ಸಣ್ಣದು, ಯಾವ ಪೇಪರಿಗೂ ಸಿಗುವುದಿಲ್ಲ. ಅದನ್ನು ಒಂದಕ್ಕೊಂದು ಅಂಟದಂತೆ ತೇಲಿಸಿ ಇಟ್ಟುಕೊಳ್ಳುವುದು ಆಯಿಲಿನಲ್ಲಿರುವ ಡಿಸ್ಪರ್ಸೆಂಟ್‌ನ ಕೆಲಸ. ಆ ಶಕ್ತಿ ಮುಗಿದ ಮೇಲೆ ಮಸಿ ಗಂಟುಕಟ್ಟಿ ಪೇಪರನ್ನು ಮುಚ್ಚುತ್ತದೆ, ಬೈಪಾಸ್ ತೆರೆಯುತ್ತದೆ. ಹೆಬ್ಬಾಳ, ಸಿಲ್ಕ್ ಬೋರ್ಡ್‌ಗಳ ಸಿಗ್ನಲ್ಲಿನಲ್ಲಿ ಎಂಜಿನ್ ಓಡುತ್ತಲೇ ನಿಂತಿರುವ ಕಾರಿಗೆ ಕಿಲೋಮೀಟರ್ ಲೆಕ್ಕ ಸುಳ್ಳು ಹೇಳುತ್ತದೆ. ಕೈಪಿಡಿಯಲ್ಲಿ 10,000 ಕಿ.ಮೀ. ಎಂದಿದ್ದರೂ ಊರೊಳಗೇ ಓಡುವ ಹಳೆ ಡೀಸೆಲ್‌ಗೆ 5,000 ಕಿ.ಮೀ. ಅಥವಾ ಆರು ತಿಂಗಳು ಸಾಕು. ಪ್ರತಿ ಸಲವೂ ಆಯಿಲ್ ಜೊತೆ ಫಿಲ್ಟರ್. ‘ಎರಡು ಆಯಿಲಿಗೆ ಒಂದು ಫಿಲ್ಟರ್’ ಎಂಬ ಲೆಕ್ಕ ಹಳೆ ಗ್ಯಾರೇಜುಗಳಲ್ಲಿ ಇನ್ನೂ ಉಳಿದಿದೆ, ಅದನ್ನು ಒಪ್ಪಬೇಡಿ.

ಆಯಿಲ್ ಫಿಲ್ಟರ್ ಬದಲಿಸಿದರೆ ಹೊಗೆ ಪರೀಕ್ಷೆ ಪಾಸಾಗುತ್ತದೆ ಎನ್ನುವುದೂ ತಪ್ಪು. ಕಪ್ಪು ಹೊಗೆಯ ಕಾರಣ ಏರ್ ಫಿಲ್ಟರ್, ಇಂಜೆಕ್ಟರ್, ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನಿಗೆ ವಾಪಸ್ ಬಿಡುವ ವಾಲ್ವ್), ಪಂಪ್ ಟೈಮಿಂಗ್ ಇವುಗಳಲ್ಲಿ ಹುಡುಕಬೇಕು.

ಈಗ ಕೌಂಟರಿನ ಮುಂದೆ ನಿಂತು ಏನು ನೋಡಬೇಕು? ಫಿಲ್ಟರಿನ ಬಾಯಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಸುತ್ತಲಿನ ಸಣ್ಣ ತೂತುಗಳ ಹಿಂದೆ ರಬ್ಬರ್ ಪದರ ಸಮನಾಗಿ ಕೂತಿರಬೇಕು, ಶುಭ್ರ ಕಡ್ಡಿಯಿಂದ ಒತ್ತಿದರೆ ಮೆತ್ತಗೆ ಬಗ್ಗಿ ವಾಪಸ್ ಬರಬೇಕು. ನಡುವಿನ ಥ್ರೆಡ್ಡಿನಲ್ಲಿ ಲೋಹದ ಪುಡಿ, ಚೂರು ಇರಬಾರದು. ಅಲ್ಲಿಂದ ಹೋದ ಚೂರು ಸೋಸುವ ಪೇಪರ್ ದಾಟಿದ ಮೇಲಿನ ಕಡೆ ಬೀಳುತ್ತದೆ, ಅಂದರೆ ನೇರ ಬೇರಿಂಗಿಗೆ. ಅಲುಗಾಡಿಸಿದರೆ ಒಳಗೆ ಎಲಿಮೆಂಟ್ ಸದ್ದು ಮಾಡಬಾರದು. ಪೇಪರ್ ಎಲಿಮೆಂಟ್ ಆದರೆ ನೋಡುವುದು ಇನ್ನೂ ಸುಲಭ: ಮಡಿಕೆಗಳ ನಡುವೆ ಅಂತರ ಸಮನಾಗಿರಬೇಕು, ಎರಡು ತುದಿಯ ಅಂಟು ಎಲ್ಲೂ ಬಿಟ್ಟಿರಬಾರದು, ಮಡಿಕೆಗಳ ಜೋಡಣೆಯ ಗೆರೆ ಪೂರ್ತಿ ಮುಚ್ಚಿರಬೇಕು. ಟಾರ್ಚನ್ನು ಒಳಗಿಂದ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ನೇರ ಬಂದರೂ ಅದು ತೂತು. ಪೆಟ್ಟಿಗೆಯಲ್ಲಿ ಓರಿಂಗ್ (ಮುಚ್ಚಳ ಸೋರದಂತೆ ಹಾಕುವ ರಬ್ಬರ್ ಬಳೆ) ಇಲ್ಲದಿದ್ದರೆ ಬೇರೆ ಎಲಿಮೆಂಟ್ ಕೇಳಿ. ತೂಕ ನೋಡಿ ಗುಣ ಹೇಳುವವರನ್ನು ನಂಬಬೇಡಿ, ದಪ್ಪ ತಗಡಿನೊಳಗೆ ಕಳಪೆ ಪೇಪರ್ ಇಡಲು ಯಾರ ಅಡ್ಡಿಯೂ ಇಲ್ಲ.

ಬ್ರ್ಯಾಂಡ್ ಯಾವುದು ಎಂಬುದು ಎಲ್ಲರ ಪ್ರಶ್ನೆ. ಕಾರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರ್ ತಯಾರಿಸುವುದಿಲ್ಲ, ಮಾಲೆ, ಮಾನ್, ಬಾಷ್, ಯುಎಫ್‌ಐ, ಫ್ಲೀಟ್‌ಗಾರ್ಡ್‌ನಂಥವರು ಮಾಡುತ್ತಾರೆ. ಡೀಲರ್ ಕೌಂಟರಿನ ಜೆನ್ಯೂನ್ ಪಾರ್ಟ್ ಸಿಕ್ಕರೆ ಅದೇ ಮೊದಲ ಆಯ್ಕೆ. ಇಲ್ಲವಾದರೆ ಇಂಥ ತಯಾರಕರ ಸ್ವಂತ ಪೆಟ್ಟಿಗೆಯದು. ಷೆವರ್ಲೆ 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಈ ಕಾರುಗಳವರಿಗೆ ಎರಡನೆಯ ದಾರಿಯೇ ಹೆಚ್ಚು ಉಪಯೋಗಕ್ಕೆ ಬರುವುದು. ಹೆಸರಿಲ್ಲದ ಮಾಲು ಪುಕ್ಕಟೆ ಕೊಟ್ಟರೂ ಬೇಡ.

ಹೆಸರಿನ ನಕಲು ಬೇರೆಯೇ ಪೀಡೆ. ಬರೀ ಹೊಲೊಗ್ರಾಂ ನೋಡಿ ನೆಚ್ಚಬೇಡಿ, ಅದನ್ನೂ ಅಚ್ಚು ಹಾಕಬಹುದು. ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರ್ ಡಬ್ಬಿಯ ಮೇಲಿನದಕ್ಕೆ ತಾಳೆಯಾಗಬೇಕು, ತಯಾರಿಕೆಯ ತಿಂಗಳು-ವರ್ಷವೂ ಒಂದಕ್ಕೊಂದು ಹೊಂದಬೇಕು. 2011ರ ಪ್ಯಾಕೇಜ್ ಸರಕುಗಳ ನಿಯಮದಂತೆ ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ, ಎಂಆರ್‌ಪಿ, ಗ್ರಾಹಕರ ದೂರಿಗೆ ಸಂಪರ್ಕ ಇರಲೇಬೇಕು. ಕ್ಯುಆರ್ ಕೋಡ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ. ಎಲ್ಲಕ್ಕಿಂತ ಗಟ್ಟಿ ಆಧಾರ ಜಿಎಸ್‌ಟಿ ಬಿಲ್ಲು. ಅದರಲ್ಲಿ ‘ಫಿಲ್ಟರ್ – 1’ ಎಂದು ಗೀಚಿದರೆ ಪ್ರಯೋಜನವಿಲ್ಲ, ತಯಾರಕರ ಹೆಸರು, ಪಾರ್ಟ್ ನಂಬರ್ ಬರೆಸಿಕೊಳ್ಳಿ. ನಕಲಿ ಕೊಡುವವರು ಅದನ್ನು ಬರೆದುಕೊಡಲು ಹಿಂಜರಿಯುತ್ತಾರೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ನಕಲಿ ಗುರುತಿನ ಸರಕು ಮಾರಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ₹50,000ದಿಂದ ₹2 ಲಕ್ಷದವರೆಗೆ ದಂಡವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಿಲ್ಲಿಲ್ಲದೆ ದೂರನ್ನು ಸಾಬೀತು ಮಾಡುವುದು ಕಷ್ಟ.

ಒಳ್ಳೆ ಫಿಲ್ಟರ್ ಕೊಂಡರೂ ಹಾಕುವಾಗ ಕೆಡುವುದುಂಟು. ಹಳೆ ಡಬ್ಬಿ ಬಿಚ್ಚಿದ ಮೇಲೆ ಅದರ ಗ್ಯಾಸ್ಕೆಟ್ ಬ್ಲಾಕಿಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಕೂತರೆ ಪ್ರೆಶರ್ ಏರಿದ ಕೂಡಲೇ ಒಂದು ಹೊರಕ್ಕೆ ಹಾರುತ್ತದೆ. ಹೊಸ ಗ್ಯಾಸ್ಕೆಟ್ಟಿಗೆ ಹೊಸ ಆಯಿಲ್ ಸವರಿ, ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು. ಡಬ್ಬಿಯ ಮೇಲೆ ಬೇರೆ ಸೂಚನೆ ಇದ್ದರೆ ಅದರಂತೆ. ಚೈನ್ ಪಾನಾ ಬಿಚ್ಚುವುದಕ್ಕೆ, ಬಿಗಿಯುವುದಕ್ಕಲ್ಲ. ಬಾಯಿ ಮೇಲಾಗಿ ಕೂರುವ ಫಿಲ್ಟರಿಗೆ ಮೊದಲೇ ಆಯಿಲ್ ತುಂಬುವುದಾದರೆ ಸುತ್ತಲಿನ ಸಣ್ಣ ತೂತುಗಳಿಂದ ಮಾತ್ರ ತುಂಬಬೇಕು, ನಡುವಿನ ತೂತು ಸೋಸಿದ ಆಯಿಲಿನ ದಾರಿ.

ಪೇಪರ್ ಎಲಿಮೆಂಟಿನ ಮುಚ್ಚಳ ಪ್ಲಾಸ್ಟಿಕ್ಕಿನದು. ಅನೇಕ ಮುಚ್ಚಳಗಳ ಮೇಲೇ 25 ನ್ಯೂಟನ್ ಮೀಟರ್ ಎಂದು ಅಚ್ಚಾಗಿರುತ್ತದೆ. ಉದ್ದ ಹಿಡಿಯ ರ‍್ಯಾಚೆಟ್ಟಿನಲ್ಲಿ ಬಲ ಹಾಕಿದರೆ ಮುಚ್ಚಳ ಸೀಳುತ್ತದೆ, ಇಲ್ಲವೇ ಮುಂದಿನ ಸಲ ಬಿಚ್ಚುವಾಗ ಆರು ಮೂಲೆಯೂ ಉರುಟಾಗುತ್ತದೆ. ಓರಿಂಗ್ ಅದಕ್ಕೆಂದೇ ಇರುವ ತೋಡಿನಲ್ಲಿ ಕೂರಬೇಕು, ಥ್ರೆಡ್ಡಿನ ಮೇಲಲ್ಲ. ಕೆಲವು ಹೌಸಿಂಗುಗಳಲ್ಲಿ ಎಲಿಮೆಂಟಿನ ತುದಿಯ ಕಡ್ಡಿ ಕೆಳಗಿನ ಡ್ರೈನ್ ತೂತನ್ನು ಮುಚ್ಚುತ್ತದೆ. ಕಡ್ಡಿಯಿಲ್ಲದ ‘ಅಂಥದ್ದೇ’ ಎಲಿಮೆಂಟ್ ಹಾಕಿದರೆ ಆಯಿಲ್ ನೇರ ಚೇಂಬರಿಗೆ ಇಳಿದು ಪ್ರೆಶರ್ ಬೀಳುತ್ತದೆ. ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲವೂ ಹೊಸದು. ಸ್ಟಾರ್ಟ್ ಮಾಡಿ ಲ್ಯಾಂಪ್ ಆರುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಫಿಲ್ಟರ್ ಕುಡಿದಷ್ಟು ಆಯಿಲ್ ಕಡಿಮೆ ತೋರಿಸುತ್ತದೆ, ಅಷ್ಟನ್ನು ಸೇರಿಸಿ.

ಡಬ್ಬಿ ಬದಲಾಗಿದೆಯೋ ಇಲ್ಲವೋ ಹೊರಗಿಂದ ಕಾಣುತ್ತದೆ, ಹೌಸಿಂಗಿನೊಳಗಿನ ಎಲಿಮೆಂಟ್ ಕಾಣುವುದಿಲ್ಲ. ಬಿಲ್ಲಿಗೆ ಮಾತ್ರ ಹೊಸದಾಗಿ, ಒಳಗೆ ಹಳೆಯದೇ ಉಳಿಯಬಾರದು ಅಂದರೆ ಹಳೆಯದನ್ನು ಕೇಳಿ ಪಡೆಯಿರಿ. ಅದರಿಂದ ಇನ್ನೊಂದು ಲಾಭವೂ ಇದೆ. ಪೇಪರನ್ನು ಬ್ಲೇಡಿನಿಂದ ಕತ್ತರಿಸಿ, ಬಟ್ಟೆಯಲ್ಲಿ ಹಿಂಡಿ, ಬಿಳಿ ಹಾಳೆಯ ಮೇಲೆ ಬಿಡಿಸಿ ಹರಡಿ. ಮ್ಯಾಗ್ನೆಟ್‌ಗೆ ಅಂಟುವ ಪುಡಿ ಕಬ್ಬಿಣದ್ದು. ಕೂದಲಿನಷ್ಟು ಸಣ್ಣದು ನಾಲ್ಕಾರು ಇದ್ದರೆ ಚಿಂತೆಯಿಲ್ಲ. ಮ್ಯಾಗ್ನೆಟ್‌ಗೆ ಅಂಟದ, ಹೊಳೆಯುವ ಬೂದು ಅಥವಾ ತಾಮ್ರದ ಬಣ್ಣದ ಚಕ್ಕೆ ಕಂಡರೆ ಬೇರಿಂಗ್ ಸವೆಯುತ್ತಿದೆ ಎಂದು ತಿಳಿಯಿರಿ, ಗಾಡಿ ಓಡಿಸುವುದನ್ನು ನಿಲ್ಲಿಸಿ. ಗಟ್ಟಿ ಕಪ್ಪು ಕರಕಲು ಇಂಜೆಕ್ಟರಿನ ತಾಮ್ರದ ವಾಷರ್ ಸೋರುವುದರ ಗುರುತಾಗಿರಬಹುದು. ಹಾಲು ಬೆರೆತಂಥ ಲೋಳೆ ಇದ್ದರೆ ಕೂಲೆಂಟ್ ಆಯಿಲಿಗೆ ಸೇರುತ್ತಿದೆ. ರಬ್ಬರಿನಂಥ ಎಳೆ ಇದ್ದರೆ ಚೇಂಬರ್ ಕೂರಿಸುವಾಗ ಸೀಲೆಂಟ್ ಮೆತ್ತಿದ್ದು ಹೆಚ್ಚಾಗಿದೆ, ಅದು ಆಯಿಲ್ ಪಂಪಿನ ಬಾಯಿಯ ಜಾಲರಿಯಾದ ಸ್ಟ್ರೈನರನ್ನೂ ಕಟ್ಟಬಲ್ಲದು. ತಗಡಿನ ಡಬ್ಬಿಯನ್ನು ಹ್ಯಾಕ್ಸಾದಲ್ಲಿ ಕೊಯ್ದರೆ ಗರಗಸದ ಪುಡಿಯೇ ಒಳಗೆ ಬಿದ್ದು ಲೆಕ್ಕ ತಪ್ಪಿಸುತ್ತದೆ, ಫಿಲ್ಟರ್ ಕಟರ್ ಬಳಸಿ.

ಹಳೆ ಎಂಜಿನಿಗೆ ಮೊದಲ ಬಾರಿ ಸಿಂಥೆಟಿಕ್ ಆಯಿಲ್ ಹಾಕುವವರು ಮೊದಲ ಎರಡು ಸಲ 2,500–3,000 ಕಿ.ಮೀ.ಗೇ ಫಿಲ್ಟರ್ ಬದಲಿಸಲಿ. ವರ್ಷಗಳ ಜಿಡ್ಡು ಕರಗಿ ಬಂದು ಪೇಪರನ್ನು ಬೇಗ ಮುಚ್ಚುತ್ತದೆ.

ನಗರದ ಗ್ಯಾರೇಜುಗಳವರಲ್ಲಿ ಎರಡು ಕೋರಿಕೆ: ಜಾಬ್ ಕಾರ್ಡಿನಲ್ಲಿ ಫಿಲ್ಟರಿನ ಪಾರ್ಟ್ ನಂಬರ್ ಬರೆಯಿರಿ, ಡಬ್ಬಿ ಅಥವಾ ಮುಚ್ಚಳದ ಮೇಲೆ ದಿನಾಂಕ, ಕಿ.ಮೀ. ಮಾರ್ಕರಿನಲ್ಲಿ ಗುರುತು ಮಾಡಿ. ತೆಗೆದ ಫಿಲ್ಟರನ್ನು ರಾತ್ರಿಯಿಡೀ ಬಾಯಿ ಕೆಳಗಾಗಿಟ್ಟು ಆಯಿಲ್ ಬಸಿದು, ಆ ಆಯಿಲನ್ನು ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು, ಮೋರಿಗೆ ಸುರಿಯಬಾರದು. ಖಾಲಿ ಪೆಟ್ಟಿಗೆಯನ್ನು ಹರಿದು, ಡಬ್ಬಿಗೆ ಸುತ್ತಿಗೆಯಿಂದ ಎರಡು ಏಟು ಕೊಟ್ಟು ಜಜ್ಜಿಯೇ ಗುಜರಿಗೆ ಹಾಕಿ. ಇಲ್ಲವಾದರೆ ಅವೇ ಪೆಟ್ಟಿಗೆಗಳು ನಕಲಿ ಮಾಲು ತುಂಬಿಕೊಂಡು ಮತ್ತೆ ಅಂಗಡಿಗೆ ಬರಬಹುದು.

ಇಂತಿ,
ಡೀಸೆಲ್ ಎಂಜಿನ್ ಮೆಕ್ಯಾನಿಕ್‌ಗಳು,
ವಿಲ್ಸನ್ ಗಾರ್ಡನ್, ಬೆಂಗಳೂರು